ವಿಮಾನ ಸಿಮ್ಯುಲೇಟರ್‌ಗೆ ಮೂರು ಮಾನಿಟರ್: ಕೊಡಗಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಕೊಡಗಿನಲ್ಲಿ ವಿಮಾನ ನಿಲ್ದಾಣವಿಲ್ಲ, ರೈಲೂ ಇಲ್ಲ. ವಿಮಾನ ಹತ್ತಬೇಕೆಂದರೆ ಮೈಸೂರಿಗೋ ಮಂಗಳೂರಿಗೋ ಕಣ್ಣೂರಿಗೋ ಘಾಟಿ ಇಳಿದೇ ಹೋಗಬೇಕು. ಬಹುಶಃ ಅದಕ್ಕೇ ಇರಬೇಕು, ಮಳೆಗಾಲದ ರಾತ್ರಿಗಳಲ್ಲಿ ಮನೆಯೊಳಗೇ ಕೂತು ಕಂಪ್ಯೂಟರಿನ ವಿಮಾನ ಸಿಮ್ಯುಲೇಟರ್ ಆಟದಲ್ಲಿ ಹಾರುವವರ ಸಂಖ್ಯೆ ನಮ್ಮಲ್ಲಿ ಕಡಿಮೆಯೇನಿಲ್ಲ. ತೋಟದ ಮನೆಯ ಮಹಡಿಯಲ್ಲಿ ನಾನು ಮೂರು ಮಾನಿಟರ್ ಜೋಡಿಸಿ ಹಾರಲು ಶುರುಮಾಡಿದ ಮೇಲೆ ಸೋಮವಾರಪೇಟೆ, ನಾಪೋಕ್ಲು, ಗೋಣಿಕೊಪ್ಪ ಕಡೆಯ ಗೆಳೆಯರು ಕೇಳಿದ್ದನ್ನೇ ಕೇಳುತ್ತಾರೆ. ಆ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಸಿಗಲಿ ಎಂದು ಇದನ್ನು ಬರೆದಿದ್ದೇನೆ.

ಒಂದು ದೊಡ್ಡ ಪರದೆ ಸಾಲದೇ? ಮೂರು ಯಾಕೆ ಬೇಕು?

ಬೆಂಗಳೂರಿನಿಂದ ಮಂಗಳೂರಿಗೆ ಏರ್‌ಬಸ್‌ನಲ್ಲಿ ಆಟೋಪೈಲಟ್ ಹಾಕಿಕೊಂಡು ಹೋಗುವವರಿಗೆ ಒಂದೇ ಪರದೆ ಧಾರಾಳವಾಗಿ ಸಾಕು. ಎದುರಿಗಿನ ಉಪಕರಣಗಳು ಕಂಡರೆ ಅವರ ಕೆಲಸ ನಡೆಯುತ್ತದೆ.

ಸಣ್ಣ ವಿಮಾನದ ಕಥೆ ಬೇರೆ. ಸೆಸ್ನಾ 172ರಲ್ಲಿ ಮೈಸೂರಿನ ಮಂಡಕಳ್ಳಿ ರನ್‌ವೇ ಸುತ್ತ ಎಡ ಸುತ್ತು ಹೊಡೆಯುತ್ತಿದ್ದೀರಿ ಎಂದುಕೊಳ್ಳಿ. ಇಳಿಯುವ ದಿಕ್ಕಿಗೆ ವಿರುದ್ಧವಾಗಿ ಹಾರುವಾಗ ರನ್‌ವೇ ನಿಮ್ಮ ಎಡ ಭುಜದ ಪಕ್ಕದಲ್ಲಿರುತ್ತದೆ. ಅದರ ತುದಿ ರೆಕ್ಕೆಗಿಂತ 45 ಡಿಗ್ರಿ ಹಿಂದೆ ಸರಿದಾಗ ಎಡಕ್ಕೆ ತಿರುಗಬೇಕು. ಈ ತೀರ್ಮಾನವೆಲ್ಲ ಕಣ್ಣಿನಿಂದಲೇ ಆಗುವುದು, ಅದೂ ಪಕ್ಕದ ಕಿಟಕಿಯಲ್ಲಿ. ಒಂದೇ ಪರದೆಯಿದ್ದರೆ ಜಾಯ್‌ಸ್ಟಿಕ್ ಮೇಲಿನ ಗುಂಡಿ ಒತ್ತಿ ನೋಟ ತಿರುಗಿಸಬೇಕು. ನೋಟ ತಿರುಗಿದ ಕೂಡಲೇ ಎದುರಿನ ದಿಗಂತ ಮಾಯ, ವಿಮಾನ ಓರೆಯಾದದ್ದೂ ಗೊತ್ತಾಗುವುದಿಲ್ಲ, ಮತ್ತೆ ಮುಂದೆ ನೋಡುವಷ್ಟರಲ್ಲಿ 200 ಅಡಿ ಕಳೆದುಹೋಗಿರುತ್ತದೆ. ಪಕ್ಕದಲ್ಲಿ ನಿಜವಾದ ಪರದೆಯೊಂದಿದ್ದರೆ ಕಣ್ಣಂಚಿನಲ್ಲೇ ಎಲ್ಲ ತಿಳಿಯುತ್ತದೆ. ಮೂರು ಮಾನಿಟರ್‌ಗೆ ದುಡ್ಡು ಹಾಕಲು ನನ್ನ ಮಟ್ಟಿಗೆ ಇದೊಂದೇ ಕಾರಣ. ಚಿತ್ರ ದೊಡ್ಡದಾಗಿ ಕಾಣಲಿ ಎಂಬುದಷ್ಟೇ ನಿಮ್ಮ ಆಸೆಯಾದರೆ ದೊಡ್ಡ ಪರದೆಯೊಂದನ್ನು ಕೊಳ್ಳಿ, ಮೂರರ ಗೋಜಿಗೆ ಹೋಗಬೇಡಿ.

ಯಾವ ಸೈಜಿನ ಮಾನಿಟರ್ ಕೊಳ್ಳಲಿ?

ಕೊಳ್ಳುವ ಮೊದಲು ಟೇಪ್ ಹಿಡಿದು ಅಳೆಯಿರಿ. ಸೈಜು ಆಮೇಲಿನ ಮಾತು. ನೀವು ಕೂರುವ ಜಾಗದಲ್ಲಿ ಕಣ್ಣಿಗೂ ಪರದೆಗೂ ಎಷ್ಟು ದೂರ ಇರುತ್ತದೆ ಎಂಬುದು ಮೊದಲು ಗೊತ್ತಾಗಬೇಕು. ಮುಂದೆ ಯೋಕ್ (ಸ್ಟೀರಿಂಗ್‌ನಂಥ ಹಿಡಿಕೆ) ಅಥವಾ ಸ್ಟಿಕ್, ಕೆಳಗೆ ಪೆಡಲ್ ಇಟ್ಟುಕೊಂಡರೆ ಹೆಚ್ಚಿನವರಿಗೆ ಇದು 60ರಿಂದ 70 ಸೆಂ.ಮೀ. ಆಗುತ್ತದೆ.

ಪರದೆ ಕಣ್ಣಿಗೆ ಎಷ್ಟು ಡಿಗ್ರಿ ಅಗಲವಾಗಿ ಕಾಣುತ್ತದೆ ಎಂಬುದೇ ನೋಟದ ಕೋನ. 24 ಇಂಚಿನ ಮಾನಿಟರ್‌ನ ಅಗಲ ಸುಮಾರು 53 ಸೆಂ.ಮೀ. 60 ಸೆಂ.ಮೀ. ದೂರದಲ್ಲಿ ಅದು 48 ಡಿಗ್ರಿ ತುಂಬುತ್ತದೆ. 27 ಇಂಚಿನದು 60 ಸೆಂ.ಮೀ. ಅಗಲ, ಅದೇ ದೂರದಲ್ಲಿ 53 ಡಿಗ್ರಿ. 32 ಇಂಚಿನದು 71 ಸೆಂ.ಮೀ. ಅಗಲ, 61 ಡಿಗ್ರಿ. ಇದೇ 32 ಇಂಚಿನದನ್ನು 70 ಸೆಂ.ಮೀ. ದೂರಕ್ಕೆ ತಳ್ಳಿದರೆ ಮತ್ತೆ 53 ಡಿಗ್ರಿಯ ಆಸುಪಾಸಿಗೇ ಬರುತ್ತದೆ. ಅಂದರೆ 27 ಇಂಚಿನದನ್ನು ಹತ್ತಿರ ಇಟ್ಟುಕೊಂಡವನಿಗೂ 32 ಇಂಚಿನದನ್ನು ಹತ್ತು ಸೆಂ.ಮೀ. ದೂರ ಇಟ್ಟವನಿಗೂ ಕಾಣುವ ಜಗತ್ತು ಒಂದೇ. ಕೋಣೆ ಚಿಕ್ಕದಿದ್ದರೆ ದೊಡ್ಡ ಸೈಜಿನ ಆಸೆ ಬಿಡುವುದೇ ಒಳ್ಳೆಯದು.

ನನ್ನ ಬಳಿ ಇರುವುದು 27 ಇಂಚಿನವು, 60 ಸೆಂ.ಮೀ. ದೂರದಲ್ಲಿ. ಇಲ್ಲಿಂದ ಮುಂದಿನ ಲೆಕ್ಕವೆಲ್ಲ ಅದರದ್ದೇ. ಒಂದು ಮಾತು ಮಾತ್ರ ಮರೆಯಬೇಡಿ: ಮೂರೂ ಒಂದೇ ಮಾಡೆಲ್ ಇರಲಿ. ಇಂಚು ಒಂದೇ ಇದ್ದು ಕಂಪನಿ ಬೇರೆಯಾದರೆ ಬಣ್ಣ ಹೊಂದುವುದಿಲ್ಲ, ಒಂದರಲ್ಲಿ ಆಕಾಶ ನೀಲಿ, ಇನ್ನೊಂದರಲ್ಲಿ ಬೂದು. ಐಪಿಎಸ್ ಪ್ಯಾನೆಲ್ ಆಗಿದ್ದರೆ ಇನ್ನೂ ಒಳ್ಳೆಯದು, ಓರೆಯಿಂದ ನೋಡಿದರೂ ಬಣ್ಣ ಕೆಡುವುದಿಲ್ಲ.

ಪಕ್ಕದ ಮಾನಿಟರ್‌ಗಳನ್ನು ಎಷ್ಟು ಒಳಕ್ಕೆ ತಿರುಗಿಸಬೇಕು? ಗಣಿತ ಬರುವುದಿಲ್ಲ.

ಗಣಿತ ಬೇಡ, ಒಂದು ದಾರ ಸಾಕು. ಅತಿ ಹೆಚ್ಚು ಜನ ತಪ್ಪುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನೀವು ಕುರ್ಚಿಯಲ್ಲಿ ಕೂತಾಗ ತಲೆ ಇರುವ ಜಾಗದ ನೇರ ಕೆಳಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಚುಕ್ಕಿ ಹಾಕಿ. ಆ ಚುಕ್ಕಿಯಿಂದ 60 ಸೆಂ.ಮೀ. ದಾರದಲ್ಲಿ ವೃತ್ತ ಎಳೆಯಿರಿ. ಮೂರೂ ಮಾನಿಟರ್‌ಗಳ ನಡುಮಧ್ಯ ಈ ವೃತ್ತವನ್ನು ಮುಟ್ಟಬೇಕು, ಪ್ರತಿ ಮಾನಿಟರ್‌ನ ಎರಡೂ ಅಂಚುಗಳು ಚುಕ್ಕಿಯಿಂದ ಸಮದೂರದಲ್ಲಿರಬೇಕು. ಪರದೆಯ ಸುತ್ತಲಿನ ಬೆಳಗದ ಅಂಚುಪಟ್ಟಿ ಒಂದು ಸೆಂ.ಮೀ. ಇದ್ದರೆ ಆ ದೂರ ಸುಮಾರು 67.5 ಸೆಂ.ಮೀ. ಆಗುತ್ತದೆ. ನೆಲದ ಮೇಲೆ ಸರಿಮಾಡಿಕೊಂಡ ಮೇಲೆ ಮೇಜಿನ ಮೇಲೂ ಅದೇ ರೀತಿ: ಕೂತು, ಮೂಗಿನ ಬುಡದಲ್ಲಿ ದಾರದ ಒಂದು ತುದಿ ಹಿಡಿದುಕೊಳ್ಳಿ, ಇನ್ನೊಬ್ಬರು ಇನ್ನೊಂದು ತುದಿಯನ್ನು ಒಂದೊಂದೇ ಅಂಚಿಗೆ ಒಯ್ಯಲಿ. ಎಲ್ಲ ಅಂಚಿಗೂ ದಾರ ಒಂದೇ ಬಿಗಿಯಲ್ಲಿ ತಲುಪಿದರೆ ಕೋನ ಸರಿಯಾಗಿದೆ ಎಂದೇ ಅರ್ಥ.

ಹೀಗೆ ಇಟ್ಟಾಗ ಪಕ್ಕದ ಪರದೆಗಳು ಎಷ್ಟು ಒಳಕ್ಕೆ ತಿರುಗಿರುತ್ತವೆ ಗೊತ್ತೇ? ಸುಮಾರು 54 ಡಿಗ್ರಿ. ನೋಡಿದವರೆಲ್ಲ "ಇದೇನು, ಪೆಟ್ಟಿಗೆಯೊಳಗೆ ಕೂತ ಹಾಗಿದೆ" ಎನ್ನುತ್ತಾರೆ. ಚಿತ್ರಗಳಲ್ಲಿ ಕಾಣುವ ಜೋಡಣೆಗಳಲ್ಲಿ 20, 30 ಡಿಗ್ರಿ ತಿರುಗಿಸಿಟ್ಟಿರುತ್ತಾರೆ, ನೋಡಲು ಚೆಂದ. ಆದರೆ ಹಾಗಿಟ್ಟರೆ ನೇರವಾದ ರನ್‌ವೇ ಪರದೆ ದಾಟುವಾಗ ಕೋಲು ಮುರಿದಂತೆ ಕಾಣುತ್ತದೆ. ನಾನೂ ಮೊದಲ ಮೂರು ತಿಂಗಳು ಹಾಗೇ ಇಟ್ಟುಕೊಂಡು, ಇಳಿಯುವ ಮುನ್ನ ಕೊನೆಯ ತಿರುವಿನಲ್ಲಿ ತಲೆ ಸುತ್ತುವುದಕ್ಕೆ ಗ್ರಾಫಿಕ್ಸ್ ಕಾರ್ಡನ್ನು ಬೈಯುತ್ತಿದ್ದೆ. ತಪ್ಪು ಕೋನದ್ದಾಗಿತ್ತು.

ಎತ್ತರವೂ ಅಷ್ಟೇ ಮುಖ್ಯ. ಪರದೆಯ ಮಧ್ಯ ಕಣ್ಣಿನ ಮಟ್ಟದಲ್ಲಿರಲಿ, ಮೂರರ ಮೇಲಂಚೂ ಒಂದೇ ಗೆರೆಯಲ್ಲಿರಲಿ. ಗಾರೆ ಕೆಲಸದವರ ರಸಮಟ್ಟ ಇದ್ದರೆ ತಂದು ಇಡಿ.

ಜಾಗ ಎಷ್ಟು ಬೇಕು?

ಅಂದುಕೊಂಡಷ್ಟು ಬೇಡ. ಮೂರು 27 ಇಂಚಿನವನ್ನು ಸಾಲಾಗಿ ಚಪ್ಪಟೆಯಾಗಿ ಇಟ್ಟರೆ 185 ಸೆಂ.ಮೀ. ಬೇಕು. ಮೇಲೆ ಹೇಳಿದಂತೆ ಸುತ್ತುವರಿಸಿ ಇಟ್ಟರೆ ಒಂದು ತುದಿಯಿಂದ ಇನ್ನೊಂದಕ್ಕೆ 135 ಸೆಂ.ಮೀ. ಮಾತ್ರ. ಹಿಂದೆ ಸ್ಟ್ಯಾಂಡ್, ಕೇಬಲ್ ಎಲ್ಲ ಸೇರಿ ಐದೂವರೆ ಅಡಿ ಅಗಲದ ಮೂಲೆಯಲ್ಲಿ ಮುಗಿಯುತ್ತದೆ.

ಮಾನಿಟರ್‌ಗಳ ನಡುವಿನ ಕಪ್ಪು ಪಟ್ಟಿ ಕಣ್ಣಿಗೆ ಚುಚ್ಚುವುದಿಲ್ಲವೇ?

ಎರಡು ದಿನ ಚುಚ್ಚುತ್ತದೆ, ಆಮೇಲೆ ಕಾಣುವುದೇ ಇಲ್ಲ. ನಿಜವಾದ ಸೆಸ್ನಾದಲ್ಲೂ ಮುಂದಿನ ಗಾಜಿಗೂ ಪಕ್ಕದ ಕಿಟಕಿಗೂ ನಡುವೆ ದಪ್ಪ ಕಂಬವೇ ಇದೆ.

ಆದರೆ ಪಟ್ಟಿಯ ಹಿಂದೆ ಜಗತ್ತು ಮುಂದುವರಿಯಬೇಕು. ಬಾಗಿಲ ಚೌಕಟ್ಟಿನ ಹಿಂದೆ ಕಾಫಿ ಗಿಡ ಅರ್ಧ ಮರೆಯಾಗುತ್ತದಲ್ಲ, ಹಾಗೆ. ಇದಕ್ಕೆ ಮಾಡಬೇಕಾದದ್ದು ಇಷ್ಟೇ: ಪ್ರತಿ ಪರದೆಯ ನೋಟದ ಕೋನವನ್ನು ಬೆಳಗುವ ಭಾಗಕ್ಕೆ ಮಾತ್ರ ಲೆಕ್ಕ ಹಾಕಿ, ಅಂದರೆ 53. ಪಕ್ಕದ ನೋಟವನ್ನು ಎಷ್ಟು ತಿರುಗಿಸಬೇಕು ಎಂಬುದನ್ನು ಪಟ್ಟಿಯನ್ನೂ ಸೇರಿಸಿ ಲೆಕ್ಕ ಹಾಕಿ, ಅಂದರೆ 54.5. ನಡುವಿನ ಆ ಒಂದೂವರೆ ಡಿಗ್ರಿ ಪಟ್ಟಿಯ ಹಿಂದೆ ಅಡಗುತ್ತದೆ. ಎರಡಕ್ಕೂ 53 ಎಂದೇ ಕೊಟ್ಟರೆ ಗೆರೆ ಪಟ್ಟಿಯ ಬಳಿ ಜಿಗಿದಂತೆ ಕಾಣುತ್ತದೆ.

ಮೂರನ್ನೂ ಎಡಬಲಕ್ಕೆ ಸಮವಾಗಿಯೇ ಇಡಬೇಕೇ?

ಇಡಬೇಕೆಂದಿಲ್ಲ. ಸಮವಾಗಿ ಇಟ್ಟರೆ ಎಡಕ್ಕೂ ಬಲಕ್ಕೂ 80 ಡಿಗ್ರಿಯವರೆಗೆ ಕಾಣುತ್ತದೆ. ಎಡ ಸುತ್ತು ಹೊಡೆಯುವವರಿಗೆ ಬೇಕಾದದ್ದೋ 90 ಡಿಗ್ರಿ ಪಕ್ಕದಲ್ಲಿ ರನ್‌ವೇ, ಆಮೇಲೆ 135 ಡಿಗ್ರಿಯಲ್ಲಿ ಅದರ ತುದಿ. ಹಾಗಾದರೆ ಒಂದು ಪರದೆ ಎದುರಿಗೆ, ಉಳಿದೆರಡೂ ಎಡಕ್ಕೆ. ಮೊದಲನೆಯದು 54.5 ಡಿಗ್ರಿಗೆ, ಎರಡನೆಯದು 109 ಡಿಗ್ರಿಗೆ. ಆಗ ಎಡ ಅಂಚು ಸರಿಯಾಗಿ 135 ಡಿಗ್ರಿಗೆ ಬಂದು ನಿಲ್ಲುತ್ತದೆ! ರನ್‌ವೇಯ ತುದಿ ಕೊನೆಯ ಪರದೆಯ ಅಂಚಿಗೆ ಬಂತೆಂದರೆ ತಿರುಗುವ ಹೊತ್ತಾಯಿತು ಎಂದು ತಿಳಿಯಿರಿ.

ಬಲಗಡೆ 26 ಡಿಗ್ರಿ ಮಾತ್ರ ಉಳಿಯುತ್ತದೆ ನಿಜ. ಆದರೆ ಸೆಸ್ನಾದಲ್ಲಿ ಕ್ಯಾಪ್ಟನ್ ಕೂರುವುದು ಎಡಕ್ಕೆ, ಬಲ ಕಿಟಕಿ ಹೇಗೂ ದೂರ. ಕುರ್ಚಿಗೆ ಹೋಗಿ ಕೂರಲು ಬಲಗಡೆ ದಾರಿಯೂ ತೆರೆದಿರುತ್ತದೆ. ನಾನು ಈಗ ಹಾರುವುದು ಹೀಗೇ. ಮೈಸೂರಿನಲ್ಲಿ ಸುತ್ತು ಕಲಿಯಬೇಕೆಂದು ಬರುವವರಿಗೆ ನಾನು ಮೊದಲು ತೋರಿಸುವುದೂ ಇದನ್ನೇ.

49 ಇಂಚಿನ ಬಾಗಿದ ಮಾನಿಟರ್ ಒಂದೇ ಕೊಂಡರೆ?

ಅಂಥದ್ದು ಎರಡು 27 ಇಂಚಿನವನ್ನು ಅಂಟಿಸಿದಷ್ಟು ಅಗಲ, ಸುಮಾರು 120 ಸೆಂ.ಮೀ. ಹತ್ತಿರ ಕೂತರೆ 90 ಡಿಗ್ರಿಯ ಸುತ್ತಮುತ್ತ ನೋಟ ಕೊಡುತ್ತದೆ. ನಡುವೆ ಪಟ್ಟಿ ಇಲ್ಲ, ಒಂದೇ ಕೇಬಲ್, ತಲೆನೋವು ಕಡಿಮೆ. ದೊಡ್ಡ ವಿಮಾನ ಹಾರಿಸುವವರಿಗೆ ಬಹಳ ಒಳ್ಳೆಯದು. ಪಕ್ಕದ ಕಿಟಕಿ ಮಾತ್ರ ಅದರಲ್ಲಿ ಬರುವುದಿಲ್ಲ.

ಹಳೆಯ ಟಿವಿ ಇದೆ, ನಡೆಯುತ್ತದೆಯೇ?

ನಡೆಯುತ್ತದೆ. ಗೇಮ್ ಮೋಡ್ ಹಾಕಿ, ಇಲ್ಲದಿದ್ದರೆ ಕೈ ಅಲ್ಲಾಡಿಸಿದ ಮೇಲೆ ಚಿತ್ರ ತಡವಾಗಿ ಅಲ್ಲಾಡುತ್ತದೆ. ಅಂಚು ಕತ್ತರಿಸಿದಂತೆ ಕಂಡರೆ ಟಿವಿಯ ಮೆನುವಿನಲ್ಲಿ ಓವರ್‌ಸ್ಕ್ಯಾನ್ ಆಫ್ ಮಾಡಿ.

ಗ್ರಾಫಿಕ್ಸ್ ಕಾರ್ಡ್ ತಡೆದುಕೊಳ್ಳುತ್ತದೆಯೇ?

ಚುಕ್ಕಿಗಳ ಲೆಕ್ಕ ಹಾಕಿ ನೋಡಿ. 1920 × 1080ರ ಮೂರು ಪರದೆ ಎಂದರೆ ಒಟ್ಟು 62 ಲಕ್ಷ ಪಿಕ್ಸೆಲ್. ಒಂದು 4ಕೆ ಪರದೆಯಲ್ಲಿ 83 ಲಕ್ಷ. ಅಂದರೆ ಫುಲ್ ಎಚ್‌ಡಿಯ ಮೂರು ಮಾನಿಟರ್ ಒಂದು 4ಕೆ ಪರದೆಗಿಂತ ಹಗುರ. 2560 × 1440ರ ಮೂರು ಎಂದರೆ 1 ಕೋಟಿ 10 ಲಕ್ಷ, ಇದಕ್ಕೆ ಮಾತ್ರ ಗಟ್ಟಿ ಕಾರ್ಡ್ ಬೇಕು.

ಪಿಕ್ಸೆಲ್ ಲೆಕ್ಕ ಪೂರ್ತಿ ಕಥೆಯಲ್ಲ. ಮೂರು ಪ್ರತ್ಯೇಕ ನೋಟ ಎಂದರೆ ಸಿಮ್ಯುಲೇಟರ್ ಬೆಟ್ಟ, ಮರ, ಮನೆಗಳನ್ನು ಮೂರು ಸಲ ಲೆಕ್ಕ ಹಾಕಬೇಕು. ಆ ಹೊರೆ ಪ್ರೊಸೆಸರ್ ಮೇಲೂ ಬೀಳುತ್ತದೆ. ಹಾಗಾಗಿ ಇದ್ದ ದುಡ್ಡನ್ನೆಲ್ಲ ಗ್ರಾಫಿಕ್ಸ್ ಕಾರ್ಡ್ ಮೇಲೆ ಸುರಿದು ಹಳೆಯ ಪ್ರೊಸೆಸರ್ ಉಳಿಸಿಕೊಂಡರೆ ಪ್ರಯೋಜನವಿಲ್ಲ.

ಮೂರನೆಯ ಮಾನಿಟರ್ ಬೆಳಗುವುದೇ ಇಲ್ಲ!

ಹತ್ತರಲ್ಲಿ ಎಂಟು ಸಲ ಕೇಬಲ್ಲನ್ನು ಮದರ್‌ಬೋರ್ಡಿನ ತೂತಿಗೆ ಹಾಕಿರುತ್ತಾರೆ. ಮೂರೂ ಗ್ರಾಫಿಕ್ಸ್ ಕಾರ್ಡಿಗೇ ಹೋಗಬೇಕು. ಈಗಿನ ಹೆಚ್ಚಿನ ಕಾರ್ಡ್‌ಗಳಲ್ಲಿ ಮೂರು ಡಿಸ್‌ಪ್ಲೇಪೋರ್ಟ್, ಒಂದು ಎಚ್‌ಡಿಎಂಐ ಇರುತ್ತವೆ, ನಾಲ್ಕು ಪರದೆಯವರೆಗೆ ನಡೆಯುತ್ತದೆ. ಮಾನಿಟರ್‌ನಲ್ಲಿ ಎಚ್‌ಡಿಎಂಐ ಮಾತ್ರ ಇದ್ದರೆ ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಕೇಬಲ್ ತನ್ನಿ. ಅದು ಒಂದೇ ದಿಕ್ಕಿಗೆ ಕೆಲಸ ಮಾಡುವಂಥದ್ದು. ತಿರುಗುಮುರುಗು ಹಾಕಿದರೆ ಚಿತ್ರ ಬರುವುದಿಲ್ಲ.

ಕೇಬಲ್ ಉದ್ದ ಅಳೆದು ತನ್ನಿ. ದೂರದ ಪರದೆಗೆ ಎರಡು ಮೀಟರ್ ಸಾಲದೇ ಹೋಗಿ, ಒಂದು ಕೇಬಲ್ಲಿಗಾಗಿ ಮತ್ತೆ ಮೈಸೂರು ಬಸ್ ಹತ್ತಿದ ನೆನಪು ನನಗಿದೆ.

ಮೂರನ್ನೂ ಸೇರಿಸಿ ಒಂದೇ ಪರದೆ ಮಾಡಬಹುದಲ್ಲ?

ಮಾಡಬಹುದು. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡಿನಲ್ಲಿ ಸರೌಂಡ್, ಎಎಂಡಿ ಕಾರ್ಡಿನಲ್ಲಿ ಐಫಿನಿಟಿ ಎಂಬ ವ್ಯವಸ್ಥೆ ಇದೆ. ಮೂರು ಫುಲ್ ಎಚ್‌ಡಿ ಪರದೆ ಸೇರಿ 5760 × 1080ರ ಒಂದೇ ಪರದೆ ಆಗುತ್ತದೆ. ಹೊಂದಿಸುವುದು ಸುಲಭ, ಅಂಚುಪಟ್ಟಿಯ ತಿದ್ದುಪಡಿಯೂ ಅದರಲ್ಲೇ ಇದೆ, ಯಾವ ಸಿಮ್ಯುಲೇಟರ್ ಆದರೂ ನಡೆಯುತ್ತದೆ.

ತೊಂದರೆ ಒಂದೇ, ಆದರೆ ದೊಡ್ಡದು. ಸಿಮ್ಯುಲೇಟರ್‌ಗೆ ಇದು ಒಂದು ಚಪ್ಪಟೆ ಗಾಜು. ಚಪ್ಪಟೆ ಗಾಜಿನ ಮೇಲೆ 150 ಡಿಗ್ರಿ ನೋಟ ಚಿತ್ರಿಸಿದರೆ ಅಂಚಿನ ವಸ್ತುಗಳು ಅಡ್ಡಡ್ಡ ಎಳೆದುಕೊಳ್ಳುತ್ತವೆ. ಪಕ್ಕದಲ್ಲಿ ನಿಂತ ವಿಮಾನ ರಬ್ಬರಿನಂತೆ ಉದ್ದವಾಗುತ್ತದೆ, ವೇಗ ಅತಿಯಾದಂತೆ ಅನಿಸುತ್ತದೆ. ಅದಕ್ಕೇ ಪ್ರತಿ ಪರದೆಗೂ ಅದರದೇ ಕ್ಯಾಮೆರಾ ಕೊಡುವುದು ಸರಿಯಾದ ದಾರಿ. ವಿಂಡೋಸ್‌ನಲ್ಲಿ ಮೂರೂ ಬೇರೆ ಬೇರೆ ಮಾನಿಟರ್ ಆಗಿಯೇ ಇರಲಿ, ಕೋನದ ಕೆಲಸ ಸಿಮ್ಯುಲೇಟರ್ ಒಳಗೆ ಆಗಲಿ.

ಎಕ್ಸ್-ಪ್ಲೇನ್‌ನಲ್ಲಿ ಹೇಗೆ?

ಈ ಕೆಲಸಕ್ಕೆ ನನಗೆ ಅತಿ ಇಷ್ಟವಾದ ಸಿಮ್ಯುಲೇಟರ್ ಇದೇ. 2022ರ ಕೊನೆಗೆ ಬಂದ 12ನೇ ಆವೃತ್ತಿಯಲ್ಲೂ ಹಿಂದಿನ 11ರಲ್ಲೂ ದಾರಿ ಒಂದೇ. ಸೆಟ್ಟಿಂಗ್ಸ್‌ನಲ್ಲಿ ಗ್ರಾಫಿಕ್ಸ್ ಪುಟ ತೆರೆದರೆ ನಿಮ್ಮ ಮಾನಿಟರ್‌ಗಳ ಪಟ್ಟಿ ಕಾಣುತ್ತದೆ. ಮೂರನ್ನೂ ಪೂರ್ಣ ಪರದೆಯ ಸಿಮ್ಯುಲೇಟರ್ ಎಂದು ಆರಿಸಿ. ಪ್ರತಿಯೊಂದರ ವಿಂಡೋ ಹೊಂದಾಣಿಕೆಗೆ ಹೋಗಿ ಅಡ್ಡ ನೋಟದ ಕೋನಕ್ಕೆ 53 ಕೊಡಿ. ಪಾರ್ಶ್ವ ಆಫ್‌ಸೆಟ್ (ನೋಟ ಪಕ್ಕಕ್ಕೆ ತಿರುಗುವ ಡಿಗ್ರಿ) ಎಡಕ್ಕೆ ಮೈನಸ್ 54.5, ನಡುವಿಗೆ ಸೊನ್ನೆ, ಬಲಕ್ಕೆ 54.5. ಅಷ್ಟೇ. ಎರಡೂ ಎಡಕ್ಕಿಟ್ಟವರು ಕೊನೆಯದಕ್ಕೆ ಮೈನಸ್ 109 ಕೊಡಿ. ಹೊಂದಿಸುವಾಗ ಪೈಲಟ್‌ನ ನೋಟ ಮೇಲೆ ಕೆಳಗೆ ಬಗ್ಗದೆ ನೇರ ಮುಂದಕ್ಕಿರಲಿ.

ಮಾನಿಟರ್‌ಗಳಲ್ಲಿ ಒಂದನ್ನು ಬೋಧಕರ ಪರದೆಯಾಗಿಯೂ ಇಡಬಹುದು. ಮಗಳು ಹಾರಿಸುತ್ತಿರುವಾಗ ನಾನು ಅದರಿಂದ ಮೋಡ ಇಳಿಸುತ್ತೇನೆ, ಎಂಜಿನ್ ಕೆಡಿಸುತ್ತೇನೆ.

ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ?

2020ರ ಆಗಸ್ಟ್‌ನಲ್ಲಿ ಅದು ಬಂದಾಗ ಈ ಸೌಲಭ್ಯವೇ ಇರಲಿಲ್ಲ. 2022ರ ಹತ್ತನೇ ಸಿಮ್ ಅಪ್‌ಡೇಟ್‌ನಲ್ಲಿ ಸೇರಿಸಿದರು, ಅದೂ ಆಯ್ಕೆಗಳ ಪ್ರಯೋಗಾತ್ಮಕ ವಿಭಾಗದಲ್ಲಿ. ಅಲ್ಲಿ ಹೆಚ್ಚುವರಿ ವಿಂಡೋಗಳನ್ನು ತೆರೆದು ಒಂದೊಂದು ಮಾನಿಟರ್‌ಗೆ ಎಳೆದು ಹಾಕಿ ಕೋನ ಹೊಂದಿಸಬೇಕು. ಎಕ್ಸ್-ಪ್ಲೇನ್‌ನಷ್ಟು ಸಲೀಸಲ್ಲ, ಫ್ರೇಮ್ ರೇಟ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಹೆಚ್ಚೇ ಬೀಳುತ್ತದೆ. ಆದರೆ ನೆಲದ ಚಿತ್ರ ಬಿಂಗ್ ನಕ್ಷೆಯದು. ಹಾರಂಗಿಯ ಹಿನ್ನೀರು, ದುಬಾರೆಯ ಕಾಡು, ನಮ್ಮ ತೋಟಗಳ ಹಸಿರು ಎಲ್ಲ ಇದ್ದ ಹಾಗೇ ಕಾಣುತ್ತದೆ. ತೋಟದ ಮೇಲೆ ಹಾರುವ ಆಸೆ ಇರುವವರು ಈ ಕಷ್ಟ ಸಹಿಸಿಕೊಳ್ಳುವುದು ನನಗೆ ಅರ್ಥವಾಗುತ್ತದೆ.

ದುಡ್ಡು ಕೊಡದೆ ಆಗುವುದಿಲ್ಲವೇ?

ಫ್ಲೈಟ್‌ಗಿಯರ್ ಇದೆ. ಉಚಿತ, ಮುಕ್ತ ತಂತ್ರಾಂಶ, ಲಿನಕ್ಸ್‌ನಲ್ಲೂ ನಡೆಯುತ್ತದೆ. ಮೂರು ಕ್ಯಾಮೆರಾಗಳ ಅಳತೆಯನ್ನು ಒಂದು ಎಕ್ಸ್‌ಎಂಎಲ್ ಕಡತದಲ್ಲಿ ಕೈಯಾರೆ ಬರೆಯಬೇಕು. ಬರೆಯಲು ತಾಳ್ಮೆ ಇರುವವರಿಗೆ ಅದರಷ್ಟು ಸ್ವಾತಂತ್ರ್ಯ ಬೇರೆಲ್ಲೂ ಇಲ್ಲ. ಶಾಲೆ ಕಾಲೇಜಿನ ಪ್ರಯೋಗಾಲಯದಲ್ಲಿ ಮಾಡುವುದಾದರೆ ನಾನು ಇದನ್ನೇ ಹೇಳುವುದು.

ಮೂರು ಪರದೆ ಹಾಕಿದ ಮೇಲೆ ತುಂಡು ತುಂಡಾಗಿ ಓಡುತ್ತಿದೆ. ಏನು ಇಳಿಸಲಿ?

ಮೊದಲು ಮೋಡದ ಗುಣಮಟ್ಟ, ಆಮೇಲೆ ನೆರಳು, ಆಮೇಲೆ ಮರಗಳ ದಟ್ಟಣೆ. ಪ್ರತಿಫಲನ ಪೂರ್ತಿ ಆಫ್ ಮಾಡಿ. ಸೆಕೆಂಡಿಗೆ 30 ಫ್ರೇಮ್ ಏರಿಳಿತವಿಲ್ಲದೆ ಬಂದರೆ ಸಣ್ಣ ವಿಮಾನಕ್ಕೆ ಸಾಕು. ಒಮ್ಮೆ 50, ಒಮ್ಮೆ 22 ಎಂದು ಕುಣಿಯುವುದಕ್ಕಿಂತ 30ಕ್ಕೆ ಕಟ್ಟಿಹಾಕುವುದು ಮೇಲು. ಎಕ್ಸ್-ಪ್ಲೇನ್‌ನಲ್ಲಿ 20ಕ್ಕಿಂತ ಕೆಳಗೆ ಇಳಿದರೆ ಅದು ಸಮಯವನ್ನೇ ನಿಧಾನಗೊಳಿಸುತ್ತದೆ, ಒಂದು ನಿಮಿಷದ ಹಾರಾಟಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತದೆ.

ಉಪಕರಣಗಳಿಗೆ ಬೇರೆ ಸಣ್ಣ ಪರದೆ ಇಡಬಹುದೇ?

ಇಡಬಹುದು, ಇಟ್ಟರೆ ಬಹಳ ಹಿತ. ಮೈಕ್ರೋಸಾಫ್ಟ್‌ನದರಲ್ಲಿ ಕೀಬೋರ್ಡಿನ ಬಲಗಡೆಯ ಆಲ್ಟ್ ಒತ್ತಿ ಹಿಡಿದು ಡಿಜಿಟಲ್ ಉಪಕರಣದ ಮೇಲೆ ಕ್ಲಿಕ್ ಮಾಡಿದರೆ ಅದು ಪ್ರತ್ಯೇಕ ವಿಂಡೋ ಆಗಿ ಹೊರಬರುತ್ತದೆ. ಎಕ್ಸ್-ಪ್ಲೇನ್‌ನಲ್ಲೂ ಜಿ1000 ಎಂಬ ಡಿಜಿಟಲ್ ಉಪಕರಣದ ಪರದೆಯನ್ನು ಹೊರತೆಗೆಯಬಹುದು. ಹಳೆಯ ಆಂಡ್ರಾಯ್ಡ್ ಟ್ಯಾಬ್ಲೆಟ್ ಇದ್ದರೆ ಸ್ಪೇಸ್‌ಡೆಸ್ಕ್ ಎಂಬ ಉಚಿತ ತಂತ್ರಾಂಶದಿಂದ ಅದನ್ನೇ ವಿಂಡೋಸ್‌ನ ಇನ್ನೊಂದು ಮಾನಿಟರ್ ಆಗಿ ಬಳಸಬಹುದು. ನಕ್ಷೆಗಾದರೆ ಲಿಟಲ್ ನ್ಯಾವ್‌ಮ್ಯಾಪ್. ಅದೂ ಉಚಿತ, ಹಳೆಯ ಲ್ಯಾಪ್‌ಟಾಪ್‌ನಲ್ಲಿ ಪ್ರತ್ಯೇಕವಾಗಿ ಓಡಿಸಿ ಮನೆಯ ನೆಟ್‌ವರ್ಕ್ ಮೂಲಕ ಸಿಮ್ಯುಲೇಟರ್‌ಗೆ ಸೇರಿಸಬಹುದು.

ಎರಡು ಕಂಪ್ಯೂಟರ್ ಸೇರಿಸಿ ಓಡಿಸಬಹುದೇ?

ಎಕ್ಸ್-ಪ್ಲೇನ್‌ನಲ್ಲಿ ಆಗುತ್ತದೆ. ಎರಡರಲ್ಲೂ ಅದೇ ಆವೃತ್ತಿ, ಅದೇ ವಿಮಾನ, ಅದೇ ಭೂದೃಶ್ಯ ಇರಬೇಕು, ಪ್ರತಿ ಕಂಪ್ಯೂಟರ್‌ಗೂ ಪ್ರತ್ಯೇಕ ಲೈಸೆನ್ಸ್ ಬೇಕು. ವೈಫೈ ಬೇಡ, ಲ್ಯಾನ್ ಕೇಬಲ್ ಎಳೆಯಿರಿ.

ಹಳೆಯ ಮನೆ, ಮಣ್ಣಿನ ಗೋಡೆ. ಗೋಡೆಗೆ ತೂಗಿಹಾಕಬಹುದೇ?

ದಯವಿಟ್ಟು ಬೇಡ. ನಮ್ಮ ಹಳೆಯ ಮನೆಗಳ ದಪ್ಪ ಮಣ್ಣುಗೋಡೆಯಲ್ಲಿ ಸ್ಕ್ರೂ ಹಿಡಿಯುವುದಿಲ್ಲ. ಮೊದಲ ಮಳೆಗಾಲ ತಡೆದರೂ ಎರಡನೆಯದರಲ್ಲಿ ಸಡಿಲವಾಗುತ್ತದೆ. ಮೇಜಿಗೇ ಕಚ್ಚಿಸುವ ಸ್ಟ್ಯಾಂಡ್ ಮಾಡಿಕೊಳ್ಳಿ. ತೋಟದಲ್ಲಿ ನೆರಳಿಗೆಂದು ಬೆಳೆಸಿದ ಸಿಲ್ವರ್ ಓಕ್ ಇದ್ದೇ ಇರುತ್ತದೆ. ಚೆನ್ನಾಗಿ ಒಣಗಿಸಿದ ಎರಡು ಇಂಚಿನ ಹಲಗೆ ಇದ್ದರೆ ಸಾಕು. ಒಣಗದ ಹಲಗೆಯಾದರೆ ಬೇಸಿಗೆಯಲ್ಲಿ ಬಾಗಿ, ಕಷ್ಟಪಟ್ಟು ಹೊಂದಿಸಿದ ಎತ್ತರವೆಲ್ಲ ಏರುಪೇರಾಗುತ್ತದೆ. ಮಹಡಿಯದು ಮರದ ನೆಲವಾದರೆ ಪೆಡಲ್ ತುಳಿದಾಗ ಪರದೆಗಳು ನಡುಗುತ್ತವೆ. ಪೆಡಲನ್ನು ಮೇಜಿನ ಕಾಲಿಗೆ ಕಟ್ಟದೆ ಬೇರೆ ಹಲಗೆಯ ಮೇಲಿಟ್ಟು ಅಡಿಗೆ ರಬ್ಬರ್ ಹಾಕಿ.

ಕರೆಂಟ್ ಹೋಗುತ್ತಲೇ ಇರುತ್ತದೆ. ಏನು ಮಾಡುವುದು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಂತಿ ಮೇಲೆ ಮರ ಬೀಳುವುದು ನಮಗೆ ಹೊಸದಲ್ಲ. 2018ರ ಆಗಸ್ಟ್ ಕಂಡವರಿಗೆ ದಿನಗಟ್ಟಲೆ ಕತ್ತಲೆ ಎಂದರೇನು ಎಂದೂ ಗೊತ್ತು. ಆ ದಿನಗಳಲ್ಲಿ ಬ್ಯಾಟರಿ ಇರಬೇಕಾದದ್ದು ಫೋನಿಗೆ, ದೀಪಕ್ಕೆ. ಆಟಕ್ಕಲ್ಲ.

ಉಳಿದ ದಿನಗಳ ಲೆಕ್ಕ ಹೀಗೆ. 27 ಇಂಚಿನ ಎಲ್‌ಇಡಿ ಮಾನಿಟರ್ ಸುಮಾರು 30 ವಾಟ್ ಎಳೆಯುತ್ತದೆ, ಮೂರಕ್ಕೆ 90. ಹಾರುವಾಗ ಕಂಪ್ಯೂಟರ್ 350 ಎಂದುಕೊಳ್ಳಿ. ಒಟ್ಟು 450ರ ಹತ್ತಿರ. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 1800 ವಾಟ್-ಅವರ್. ಬ್ಯಾಟರಿ ಬಾಳಲಿ ಎಂದು ಅರ್ಧ ಮಾತ್ರ ಬಳಸಿ, ಇನ್ವರ್ಟರ್‌ನ ನಷ್ಟ ಕಳೆದರೆ ಕೈಗೆ ಸಿಗುವುದು 700ರಷ್ಟು. ಅಂದರೆ ಒಂದೂವರೆ ಗಂಟೆ. ಮೈಸೂರಿನಿಂದ ಮಂಗಳೂರಿಗೆ ಸೆಸ್ನಾದಲ್ಲಿ ಹೋಗಿ ಇಳಿಯಲು ಸಾಕು.

ಇನ್ವರ್ಟರ್ ಶುದ್ಧ ಸೈನ್ ವೇವ್ ಆಗಿರಲಿ. ಚೌಕ ಅಲೆಯದಾದರೆ ಈಗಿನ ಪವರ್ ಸಪ್ಲೈಗಳು ಒಗ್ಗದೆ ತಟಕ್ಕನೆ ಆರುವುದುಂಟು. ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದ್ದರೆ ಅದನ್ನು ಹಾಕಿ, ಕರೆಂಟ್ ಹೋದಾಗ ಬೇಗ ಬದಲಾಗುತ್ತದೆ.

ಸಿಡಿಲು?

ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಕೇಳಿದ ಕೂಡಲೇ ಹಾರಾಟ ನಿಲ್ಲಿಸಿ ಪ್ಲಗ್ ಕೀಳಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಎಲ್ಲರೂ ಮರೆಯುವುದು ಇಂಟರ್ನೆಟ್ ಕೇಬಲ್ಲನ್ನು. ತಾಮ್ರದ ತಂತಿಯ ಮೂಲಕ ಬಂದ ಸಿಡಿಲು ರೂಟರ್ ದಾಟಿ ಲ್ಯಾನ್ ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ಬರುತ್ತದೆ. ಕಾಫಿ ಹೂ ಅರಳಿಸುವ ಹೂಮಳೆಯ ಕಾಲದ ಒಂದು ಸಂಜೆ ನಾನು ಹೀಗೇ ಒಂದು ಮದರ್‌ಬೋರ್ಡ್ ಕಳೆದುಕೊಂಡೆ. ಅವತ್ತು ಗೋಡೆಯ ಪ್ಲಗ್ ಕಿತ್ತಿದ್ದೆ, ಲ್ಯಾನ್ ಬಿಟ್ಟಿದ್ದೆ. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದೂ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅಳೆಯಿಸಿ.

ಮಳೆಗಾಲದಲ್ಲಿ ಮಾನಿಟರ್‌ಗೆ ಬೂಷ್ಟು ಹಿಡಿಯುತ್ತದೆಯೇ?

ಬೆಲ್ಟು, ಚಪ್ಪಲಿ, ಪುಸ್ತಕ ಯಾವುದನ್ನೂ ಬಿಡದ ಬೂಷ್ಟು ಇದನ್ನು ಬಿಡುತ್ತದೆಯೇ? ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ದಿನಗಳಲ್ಲಿ ಹಾರದಿದ್ದರೂ ದಿನಕ್ಕೆ ಅರ್ಧ ಗಂಟೆ ಮೂರೂ ಮಾನಿಟರ್ ಹಾಕಿಡಿ, ಅದರ ಸ್ವಂತ ಬಿಸಿಯೇ ತೇವ ಓಡಿಸುತ್ತದೆ. ಪ್ಲಾಸ್ಟಿಕ್ ಹೊದಿಸಬೇಡಿ, ಒಳಗೆ ಬೆವರುತ್ತದೆ. ಹತ್ತಿ ಬಟ್ಟೆ ಸಾಕು. ಯೋಕ್, ಥ್ರಾಟಲ್‌ಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ತೇವದಿಂದ ಒಳಗಿನ ಸಂಪರ್ಕ ಕೆಟ್ಟರೆ ವಿಮಾನ ತಾನಾಗಿ ಒಂದು ಕಡೆಗೆ ಎಳೆಯುತ್ತದೆ. ಮಳೆಹುಳು ಬರುವ ಸಂಜೆ ಕಿಟಕಿ ಮುಚ್ಚಿ ಹಾರಿ.

ಇಂಟರ್ನೆಟ್ ನಿಧಾನ ಇದೆ. ಮೂರು ಪರದೆಗೆ ಮೂರು ಪಟ್ಟು ಬೇಕೇ?

ಬೇಡ, ಪರದೆ ಹೆಚ್ಚಾದರೂ ನೆಲದ ದತ್ತಾಂಶ ಅಷ್ಟೇ. ಆದರೆ ಮೈಕ್ರೋಸಾಫ್ಟ್‌ನದು ಚಿತ್ರವನ್ನು ಹಾರುತ್ತಲೇ ಇಳಿಸಿಕೊಳ್ಳುತ್ತದೆ, 2024ರ ಆವೃತ್ತಿಯಂತೂ ಇನ್ನೂ ಹೆಚ್ಚು ಬೇಡುತ್ತದೆ. ಎಸ್ಟೇಟ್ ಒಳಗೆ ಮೊಬೈಲ್ ಸಿಗ್ನಲ್ಲನ್ನೇ ನಂಬಿರುವವರು ಎಕ್ಸ್-ಪ್ಲೇನ್ ತೆಗೆದುಕೊಳ್ಳಿ. ಒಮ್ಮೆ ಕುಶಾಲನಗರದಲ್ಲೋ ಮೈಸೂರಿನಲ್ಲೋ ಗೆಳೆಯರ ಮನೆಯಲ್ಲಿ ಕೂತು ಇಳಿಸಿಕೊಂಡು ಬಂದರೆ ಆಮೇಲೆ ಇಂಟರ್ನೆಟ್ ಇಲ್ಲದೆಯೂ ಹಾರಬಹುದು.

ಮಗನಿಗೆ ಯುದ್ಧವಿಮಾನವೇ ಬೇಕಂತೆ. ಅದಕ್ಕೂ ಇದೇ ಜೋಡಣೆಯೇ?

ಮಡಿಕೇರಿಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಪ್ರತಿಮೆಯ ಮುಂದೆ ಹಾದು ಶಾಲೆಗೆ ಹೋಗುವ ಮಕ್ಕಳಿಗೆ ಆ ಆಸೆ ಬರದೇ ಇರುತ್ತದೆಯೇ? 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಅವರು ಹಳೆಯ ಮಿಸ್ಟೇರ್ ವಿಮಾನದಲ್ಲಿದ್ದು, ತಮಗಿಂತ ಎಷ್ಟೋ ವೇಗದ ಎಫ್-104 ಸ್ಟಾರ್‌ಫೈಟರ್ ಅನ್ನು ಎದುರಿಸಿ ಕೆಡವಿದರು. ತಾವೂ ಮರಳಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಮಗನಿಗೆ ಈ ಕಥೆಯನ್ನು ಮೊದಲು ಹೇಳಿ.

ಜೋಡಣೆಯ ಮಾತಿಗೆ ಬಂದರೆ, ಡಿಸಿಎಸ್ ಥರದ ಯುದ್ಧ ಸಿಮ್ಯುಲೇಟರ್‌ಗೆ ಮೂರು ಪರದೆಗಿಂತ ತಲೆಯ ಚಲನೆ ಹಿಡಿಯುವ ಸಾಧನ ಮೇಲು. ಎದುರಾಳಿ ಇರುವುದು ಹೆಚ್ಚಾಗಿ ಮೇಲೆ ಅಥವಾ ಹಿಂದೆ, ಅಲ್ಲಿ ಮಾನಿಟರ್ ಇಡಲಾಗದು. ಟ್ರ್ಯಾಕ್‌ಐಆರ್ ದುಬಾರಿ ಎನಿಸಿದರೆ ಸಾಧಾರಣ ವೆಬ್‌ಕ್ಯಾಮ್ ಮತ್ತು ಓಪನ್‌ಟ್ರ್ಯಾಕ್ ಎಂಬ ಉಚಿತ ತಂತ್ರಾಂಶದಿಂದ ಶುರುಮಾಡಿ.

ಎಲ್ಲ ಜೋಡಿಸಿದ್ದಾಯಿತು. ಸರಿಯಾಗಿದೆ ಎಂದು ತಿಳಿಯುವುದು ಹೇಗೆ?

ಸಮುದ್ರಕ್ಕೆ ಹೋಗಿ. ಮೈಸೂರಿನಿಂದ ಎದ್ದು ಪಶ್ಚಿಮಕ್ಕೆ 8,500 ಅಡಿಗೆ ಏರಿ. ತಡಿಯಂಡಮೋಳ್ 1,748 ಮೀಟರ್, ಅಂದರೆ 5,735 ಅಡಿ, ಅದರ ಮೇಲೆ ಆರಾಮವಾಗಿ ದಾಟಬಹುದು. ಘಟ್ಟ ಮುಗಿದು ಅರಬ್ಬಿ ಸಮುದ್ರದ ಮೇಲೆ ಬಂದಾಗ ಆಕಾಶ ತಿಳಿ ಮಾಡಿಕೊಳ್ಳಿ. ಬೆಟ್ಟವಿಲ್ಲ, ಮರವಿಲ್ಲ, ಒಂದೇ ಗೆರೆ.

ನೇರ ಹಾರುವಾಗ ಪಕ್ಕದ ಪರದೆಯ ದಿಗಂತ ಮೇಲೋ ಕೆಳಗೋ ಇದ್ದರೆ ಮಾನಿಟರ್‌ನ ಎತ್ತರ ತಪ್ಪಿದೆ. ಈಗ ವಿಮಾನವನ್ನು 30 ಡಿಗ್ರಿ ಓರೆ ಮಾಡಿ. ಗೆರೆ ಒಂದು ಪರದೆಯಿಂದ ಹೊರಟು ಪಟ್ಟಿಯ ಹಿಂದೆ ಹಾದು ಮುಂದಿನದರಲ್ಲಿ ಅದೇ ನೇರದಲ್ಲಿ ಹೊರಬರಬೇಕು. ಅಲ್ಲಿ ಮುರಿದರೆ ಕೋನ ತಪ್ಪಿದೆ, ಮತ್ತೆ ದಾರ ಹಿಡಿಯಿರಿ. ಆಮೇಲೆ ಮಂಗಳೂರಿನ ಕಡೆ ತಿರುಗಿ ಕರಾವಳಿಯ ಉದ್ದಕ್ಕೂ ಹಾರುತ್ತ ಒಂದು ಹಡಗನ್ನೋ ಸೇತುವೆಯನ್ನೋ ಗಮನಿಸಿ. ಒಂದೇ ವಸ್ತು ಎರಡು ಪರದೆಯಲ್ಲೂ ಒಟ್ಟಿಗೆ ಕಂಡರೆ ಆಫ್‌ಸೆಟ್ ಕಡಿಮೆಯಾಗಿದೆ, ಅರ್ಧ ಡಿಗ್ರಿಯಂತೆ ಏರಿಸಿ. ಪಟ್ಟಿಯ ಅಗಲಕ್ಕಿಂತ ಹೆಚ್ಚು ಹೊತ್ತು ಮಾಯವಾದರೆ ಇಳಿಸಿ. ಸಂಖ್ಯೆಗಳು ಕೂಡಿಬಂದ ದಿನ ಅವನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರ್‌ನ ಬೆನ್ನಿಗೆ ಅಂಟಿಸಿಡಿ. ಆವೃತ್ತಿ ಬದಲಾದಾಗ ಸೆಟ್ಟಿಂಗ್ ಅಳಿಸಿಹೋದರೆ ಮತ್ತೆ ದಾರ ಹಿಡಿಯುವ ಕೆಲಸ ತಪ್ಪುತ್ತದೆ.